ಮೂಗೂರು ಎಂಬ ಹೆಸರು

ಹಳೆಯ ಮೈಸೂರು ಸೀಮೆಯಲ್ಲಿ ಒಬ್ಬರ ಹೆಸರು ಕೇಳಿದರೆ ಮೂರು ಸಂಗತಿಗಳನ್ನು ಒಟ್ಟಿಗೆ ಕೇಳಿದಂತಾಗುತ್ತದೆ: ಮೊದಲು ಊರು, ಬಳಿಕ ತಂದೆ, ಕೊನೆಗೆ ಆತ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ನಾವು ಇವನ್ನು ಡಿ.ವಿ.ಜಿ., ಬಿ.ಎಂ.ಶ್ರೀ., ಕುವೆಂಪು ಎಂದು ಮೊಟಕು ಮಾಡಿ ಕರೆಯುವುದಕ್ಕೆ ಎಷ್ಟು ಒಗ್ಗಿಹೋಗಿದ್ದೇವೆಂದರೆ ಆ ಮೊದಲಿನ ಅಕ್ಷರದಲ್ಲಿ ಒಂದು ಊರೇ ಅಡಗಿ ಕುಳಿತಿದೆ ಎಂಬುದು ನೆನಪಿಗೆ ಬರುವುದಿಲ್ಲ. ಆ ಊರು ಹುಟ್ಟಿದ ಊರೇ ಆಗಬೇಕೆಂಬ ನಿಯಮವೂ ಇಲ್ಲ. ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ಹೆಸರಿನಲ್ಲಿ ಹೊತ್ತದ್ದು ಹಿರಿಯರ ದೇವನಹಳ್ಳಿಯನ್ನು.

ಇಂದು ನಾನು ತಮ್ಮ ಮುಂದಿಡಬೇಕೆಂದಿರುವುದು ಇಂಥದೇ ಒಂದು ಹೆಸರು: ಮೂಗೂರು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಿಂದ ಸಂತೇಮರಹಳ್ಳಿ, ಚಾಮರಾಜನಗರಗಳ ಕಡೆಗೆ ಹೊರಟವರಿಗೆ ಈ ಊರು ಸಿಕ್ಕುತ್ತದೆ. ತ್ರಿಪುರಸುಂದರಿ ಅಮ್ಮನವರ ಗುಡಿ, ಅಮ್ಮನವರ ಜಾತ್ರೆ, ಜಾತ್ರೆಯ ಬಂಡಿ ಉತ್ಸವ—ಸುತ್ತಿನ ಹಳ್ಳಿಗಳವರಿಗೆ ಊರು ಗೊತ್ತಿರುವುದು ಇವುಗಳಿಂದ. ಹೊರಗಿನವರಿಗೆ ಅದು ಊರಿನ ಹೆಸರಾಗಿ ಅಲ್ಲ, ಮನುಷ್ಯರ ಹೆಸರಿನ ಮೊದಲ ಮಾತಾಗಿ ಪರಿಚಿತ. ಮೂಗೂರು ಅಮೃತಪ್ಪ, ಮೂಗೂರು ಜೇಜಮ್ಮ, ಮೂಗೂರು ಸುಂದರ್. ಇಷ್ಟು ಸಣ್ಣ ಊರಿನ ಹೆಸರು ಇಷ್ಟು ದೂರ ಹೇಗೆ ನಡೆದುಹೋಯಿತು, ಯಾರ ಹೆಗಲ ಮೇಲೆ ಹೋಯಿತು ಎಂಬುದು ವಿಚಾರ ಮಾಡತಕ್ಕ ಸಂಗತಿ. ಅದಕ್ಕೆ ಮೊದಲು ಪದವನ್ನೇ ಕೊಂಚ ಬಿಡಿಸಿ ನೋಡೋಣ.

ನಮ್ಮ ವೈಯಾಕರಣರು ನಾಮಪದಗಳಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಭಾಗ ಮಾಡುತ್ತಾರೆ. ಊರಿನ ಹೆಸರು ಇಂದು ಅಂಕಿತನಾಮ. ಆದರೆ ಅದನ್ನು ಮೊದಲು ಇಟ್ಟವನಿಗೆ ಅದು ಅನ್ವರ್ಥವೇ ಆಗಿದ್ದಿರಬೇಕು. ಸುಮ್ಮನೆ ಯಾರೂ ಊರಿಗೆ ಹೆಸರಿಡುವುದಿಲ್ಲ. ಆ ಅನ್ವರ್ಥ ಮರೆತುಹೋದ ಮೇಲೆ ಜನ ತಮಗೆ ಕೇಳಿಸಿದ ಅರ್ಥವನ್ನು ಅಲ್ಲಿ ತುಂಬುತ್ತಾರೆ. ಪಕ್ಕದ ತಲಕಾಡನ್ನೇ ನೋಡಿ. ತಲ, ಕಾಡ ಎಂಬ ಇಬ್ಬರು ಬೇಡರ ಕಥೆ ಹುಟ್ಟಿಕೊಂಡಿದೆ. ಗಂಗರ ಶಾಸನಗಳು ಅದನ್ನೇ ತಳವನಪುರವೆಂದು ಸಂಸ್ಕೃತಕ್ಕೆ ತಿರುಗಿಸಿದುವು.

'ಮೂಗೂರು' ಎಂದೊಡನೆ ಕಿವಿಗೆ ಬೀಳುವ ಅರ್ಥಗಳು ಮೂರು. ಮೂಗಿನ ಊರು, ಮೂಗನ ಊರು, ಮೂರು ಊರು. ಮೂರನ್ನೂ ವ್ಯಾಕರಣದ ಒರೆಗೆ ಹಚ್ಚೋಣ. ಮೂಗು ಎಂಬುದಕ್ಕೆ ಊರು ಸೇರಿದರೆ ಪೂರ್ವಪದದ ಕೊನೆಯ ಉಕಾರ ಬಿದ್ದುಹೋಗಿ 'ಮೂಗೂರು' ಎಂದಾಗುವುದು ಲೋಪಸಂಧಿಯ ಅತ್ಯಂತ ಸಹಜವಾದ ರೂಪ. ಮೂಗ ಎಂಬುದಕ್ಕೆ ಊರು ಸೇರಿದರೂ, ಹೊಸ ಮತ್ತು ಊರು ಸೇರಿ ಹೊಸೂರು ಆಗುವಂತೆ, ಮೂಗೂರೇ ಆಗುತ್ತದೆ. ತೊಡಕು ಬರುವುದು 'ಮೂರು' ಎಂಬ ಅರ್ಥದಲ್ಲಿ. ಸಂಖ್ಯಾವಾಚಕವಾದ ಮೂರು ಸಮಾಸದಲ್ಲಿ ಸೇರುವಾಗ ತನ್ನದೇ ಆದ ಕ್ರಮವನ್ನು ಹಿಡಿಯುತ್ತದೆ. ವ್ಯಂಜನದ ಮುಂದೆ ಅದು ಗಿಡ್ಡದಾಗಿ ಮುಂದಿನ ಅಕ್ಷರವನ್ನು ಒತ್ತುತ್ತದೆ: ಮುಕ್ಕಣ್ಣ, ಮುಕ್ಕಾಲು, ಮುಪ್ಪುರ, ಮುಮ್ಮಡಿ. ಸ್ವರ ಬಂದರೆ ಯಕಾರವನ್ನೋ ವಕಾರವನ್ನೋ ನಡುವೆ ತರುತ್ತದೆ: ಮೂರೇಳು ಎಂಬುದು ಮುಯ್ಯೇಳು ಆಯಿತು, ಮೂರು ಜನ ಮೂವರಾದರು. ಈ ದಾರಿಯಲ್ಲಿ ನಡೆದಿದ್ದರೆ ನಮ್ಮ ಊರು 'ಮೂವೂರು' ಆಗಬೇಕಾಗಿತ್ತು. ನಡುವಿನ ಗಕಾರ ಎಲ್ಲಿಂದ ಬಂತು? ಮಳೆಗಾಲ, ಮೈಗಾವಲು ಎಂಬ ಮಾತುಗಳಲ್ಲಿ ಕಕಾರವು ಗಕಾರವಾಗುವುದುಂಟು, ನಿಜ. ಆದರೆ ಅದಕ್ಕೆ ಉತ್ತರಪದ ಕಕಾರದಿಂದ ಮೊದಲಾಗಬೇಕು. 'ಊರು' ಎಂಬಲ್ಲಿ ಕಕಾರವಿಲ್ಲ.

ಆದುದರಿಂದ ವ್ಯಾಕರಣದ ತೀರ್ಪು ಮೂಗಿನ ಕಡೆಗೋ ಮೂಗನ ಕಡೆಗೋ ವಾಲುತ್ತದೆಯೇ ಹೊರತು ಮೂರರ ಕಡೆಗಲ್ಲ. ಆ ಎರಡರಲ್ಲಿ ನನ್ನ ಒಲವು ಮೂಗಿಗೆ. ದ್ರಾವಿಡ ಭಾಷೆಗಳಲ್ಲಿ ಈ ಶಬ್ದ ಮುಖದ ಅವಯವವೊಂದನ್ನೇ ಹೇಳುವುದಿಲ್ಲ. ತಮಿಳಿನ 'ಮೂಕ್ಕು' ಹಕ್ಕಿಯ ಕೊಕ್ಕೂ ಹೌದು, ಪಾತ್ರೆಯ ಮೂತಿಯೂ ಹೌದು. ಮುಂದಕ್ಕೆ ಚಾಚಿಕೊಂಡದ್ದೆಲ್ಲ ಮೂಗೇ. ಹೊಲದ ಮೇರೆ, ದಾರಿಯ ತಿರುವು, ನೆಲದ ಒಂದು ಚಾಚು—ಇಂಥ ಗುರುತುಗಳ ಮೇಲೆ ಹಳ್ಳಿಗೆ ಹೆಸರು ಬೀಳುವುದು ನಮ್ಮ ಜನರ ಮಾತಿನ ರೀತಿಗೆ ಹೊಂದುತ್ತದೆ. ಮಾತು ಬಾರದ ಒಬ್ಬನ ಹೆಸರನ್ನು ಊರಿಗೆಲ್ಲ ಕಟ್ಟುವುದು ಕಥೆಗೆ ಚೆನ್ನು, ನೆಲಕ್ಕೆ ಅಷ್ಟು ಹೊಂದುವುದಿಲ್ಲ.

ಹಾಗಾದರೆ 'ಮೂರು' ಎಂಬ ಅರ್ಥ ಇಷ್ಟು ಬಲವಾಗಿ ಮನಸ್ಸಿಗೆ ಹಿಡಿಸುವುದೇಕೆ? ಊರಿನ ದೇವತೆಯಿಂದ. ತ್ರಿಪುರ ಎಂಬುದಕ್ಕೆ ಹಳಗನ್ನಡದ ಮಾತು ಮುಪ್ಪುರ; ಮೂರು ಪುರ, ಮೂರು ಊರು. ಗುಡಿಯಲ್ಲಿ ತ್ರಿಪುರಸುಂದರಿ, ಹೊರಗೆ ಮೂಗೂರು: ಒಂದು ಇನ್ನೊಂದರ ಕನ್ನಡವೆಂದು ಯಾರಿಗೆ ತಾನೆ ತೋರದು? ಈ ಸೀಮೆಯಲ್ಲಿ ಇಂಥ ಜೋಡಿಗಳು ಬೇಕಾದಷ್ಟಿವೆ. ನಂಜನಗೂಡಿನ ನಂಜನ್ನು ಗರಳ ಮಾಡಿ ಗರಳಪುರಿ ಎಂದರು. ಆ ಹೆಸರು ಎಷ್ಟು ಬೇರೂರಿತೆಂದರೆ ನರಸೀಪುರ ತಾಲ್ಲೂಕಿನ ಸೋಸಲೆಯವರೊಬ್ಬರು ಗರಳಪುರಿ ಶಾಸ್ತ್ರಿಗಳೆಂದೇ ಪ್ರಸಿದ್ಧರಾದರು. ಅವರ ಮಗ ಸೋಸಲೆ ಅಯ್ಯಾಶಾಸ್ತ್ರಿಗಳು. ತಂದೆಯ ಹೆಸರಿನಲ್ಲಿ ಒಂದು ಊರು, ಮಗನ ಹೆಸರಿನಲ್ಲಿ ಇನ್ನೊಂದು. ಯಳಂದೂರಿನ ಎಳೆಯ ಚಂದ್ರನನ್ನು ಬಾಲೇಂದುಪುರವಾಗಿಸಿದರು. ತಿರುಮಕೂಡಲಂತೂ ಇನ್ನೂ ಸೊಗಸು. ಕಾವೇರಿ ಕಪಿಲೆಗಳ ಜೊತೆಗೆ ಸ್ಫಟಿಕ ಸರೋವರವನ್ನೂ ಲೆಕ್ಕಕ್ಕೆ ಹಿಡಿದು ಮೂರು ಕೂಡುವ ಪವಿತ್ರ ಸ್ಥಳವೆಂದು ಅದು 'ತಿರು ಮುಕ್ಕೂಡಲು'. ಮುಕ್ಕೂಡಲು ಬಾಯಲ್ಲಿ ಸವೆದು ಮಕೂಡಲಾಯಿತು, ಮಕೂಡಲಿನಲ್ಲಿ ಪಂಡಿತರಿಗೆ ಮಕುಟ ಕೇಳಿಸಿತು, ಕ್ಷೇತ್ರ ತ್ರಿಮಕುಟವಾಯಿತು. ಕೂಡುವ ನೀರು ಕಿರೀಟವಾಗಿಬಿಟ್ಟಿತು! ಈ ತಿರುಮಕೂಡಲನ್ನೇ ಹೆಸರಿನ ಮುಂದೆ ಹೊತ್ತು, ಪಿಟೀಲಿಗೆ ಏಳು ತಂತಿ ಹೂಡಿ ನಾಡನ್ನೆಲ್ಲ ತಣಿಸಿದವರು ಟಿ. ಚೌಡಯ್ಯನವರು. ಆ 'ಟಿ' ಯಾವುದರ 'ಟಿ' ಎಂದು ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನಕ್ಕೆ ಹೋಗುವವರಲ್ಲಿ ಎಷ್ಟು ಮಂದಿ ಕೇಳಿಕೊಂಡಾರು?

ಇಂಥ ನೆರೆಯ ನಡುವೆ ಮೂಗೂರಿಗೂ ತ್ರಿಪುರಕ್ಕೂ ಗಂಟು ಬಿದ್ದದ್ದು ಆಶ್ಚರ್ಯವಲ್ಲ. ಆದರೆ ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಊರ ಜನ ಅಮ್ಮನವರನ್ನು ತಿಬ್ಬಾದೇವಿ ಎಂದೂ ಕರೆಯುತ್ತಾರೆ. ಈ ತಿಬ್ಬ ಯಾರು? ಸಂಸ್ಕೃತದ ತ್ರಿ ಎಂಬುದು ಕನ್ನಡದ ಬಾಯಿಗೆ ಬಂದಾಗ ರೇಫವನ್ನು ಕಳೆದುಕೊಳ್ಳುವುದು ವಾಡಿಕೆ: ತ್ರಿಶೂಲ ತಿಸುಳವಾಯಿತು, ತ್ರಿವಳಿ ತಿವಳಿಯಾಯಿತು. ತ್ರಿಪುರಕ್ಕೂ ಇದೇ ಗತಿ ಆಯಿತೆಂಬುದಕ್ಕೆ ಸಾಕ್ಷ್ಯ ಸಿಕ್ಕುವುದು ಅಲಂಕಾರಶಾಸ್ತ್ರದಲ್ಲಿ. ವಾಮನನ ಕಾವ್ಯಾಲಂಕಾರಸೂತ್ರವೃತ್ತಿಗೆ 'ಕಾಮಧೇನು' ಎಂಬ ವ್ಯಾಖ್ಯಾನ ಬರೆದ ಗೋಪೇಂದ್ರನನ್ನು ತಿಪ್ಪಭೂಪಾಲನೆಂದೂ ತ್ರಿಪುರಹರಭೂಪಾಲನೆಂದೂ ಕರೆಯುವುದುಂಟು. ಎಂದ ಮೇಲೆ ಜನರ ಬಾಯಲ್ಲಿ ತಿಪ್ಪ, ಗ್ರಂಥದಲ್ಲಿ ತ್ರಿಪುರಹರ. ನಮ್ಮಲ್ಲಿ ತಿಪ್ಪಯ್ಯ, ತಿಪ್ಪಮ್ಮ ಎಂಬ ಹೆಸರು ಕೇಳಿದವರು ತಿಪ್ಪೆಗುಂಡಿಯನ್ನು ನೆನೆದು ನಗುತ್ತಾರೆ. ಅವುಗಳಲ್ಲಿ ಕೆಲವಾದರೂ ಮೂರು ಪುರಗಳನ್ನು ಸುಟ್ಟವನ ಹೆಸರಾಗಿದ್ದಾವು. ತಿಪ್ಪ ತಿಬ್ಬವಾಗುವುದು ಅಷ್ಟು ನೇರವಾದ ಬದಲಾವಣೆಯಲ್ಲವೆಂದು ಭಾಷಾಶಾಸ್ತ್ರಜ್ಞರು ತಡೆಯಬಹುದು. ದಿಬ್ಬದ ಮೇಲಿನ ದೇವಿ ತಿಬ್ಬಾದೇವಿಯಾದಳೆಂದು ಇನ್ನೊಬ್ಬರು ವಾದಿಸಬಹುದು. ನನಗೆ ಮಾತ್ರ ತ್ರಿಪುರದ ತದ್ಭವವೆಂಬ ಪಕ್ಷವೇ ತೂಕವಾಗಿ ಕಾಣುತ್ತದೆ. ಹಾಗಿದ್ದರೆ ದೇವಿಯ ಹೆಸರಿನಲ್ಲಿರುವ ಮೂರು ನಿಜವಾದ ಮೂರು. ಊರಿನ ಹೆಸರಿನಲ್ಲಿರುವ ಮೂರು ಕಿವಿಗೆ ಕೇಳಿಸಿದ ಮೂರು. ಒಂದೇ ಬೀದಿಯಲ್ಲಿ ಇವೆರಡೂ ಎದುರಾಗಿ, ಪರಸ್ಪರ ನೆಂಟರೆಂದು ನಂಬಿಕೊಂಡು, ಶತಮಾನಗಳಿಂದ ಒಂದೇ ಮನೆಯಲ್ಲಿ ಬಾಳುತ್ತಿವೆ.

ಶಬ್ದಗಳ ಹೋಲಿಕೆಯನ್ನು ನಂಬಿ ನೆಂಟಸ್ತನ ಬೆಳೆಸುವುದು ಎಂಥ ವಿನೋದಕ್ಕೆ ದಾರಿ ಮಾಡುತ್ತದೆಂಬುದಕ್ಕೆ ಒಂದು ಉದಾಹರಣೆ ಹೇಳಿ ಮುಂದಕ್ಕೆ ಹೋಗುತ್ತೇನೆ. ರೋಮನ್ ಲಿಪಿಯಲ್ಲಿ ಬರೆದಾಗ ಮೂಗೂರಿನ ಎರಡು ದೀರ್ಘಗಳೂ ಕೊನೆಯ ಉಕಾರವೂ ಬಿದ್ದುಹೋಗಿ 'ಮುಗುರ್' ಎಂದು ಓದುವಂತಾಗುತ್ತದೆ. ಇದನ್ನು ಬಂಗಾಳಿಯವರು ಕಂಡರೆ ಗದೆಯೆಂದೋ ವ್ಯಾಯಾಮದ ಕೊಡತಿಯೆಂದೋ ಅರ್ಥ ಮಾಡುತ್ತಾರೆ. ಸಂಸ್ಕೃತದ ಮುದ್ಗರ ಅವರಲ್ಲಿ ಮುಗುರ್ ಆಗಿದೆ. ಯೂರೋಪಿನ ರುಮೇನಿಯದವರು ಕಂಡರೆ ಅದು ಗಿಡದ ಮೊಗ್ಗು. ಅಲ್ಲಿ ಅದು ಮನುಷ್ಯರ ಹೆಸರೂ ಹೌದು. 1990ರಲ್ಲಿ ಆ ದೇಶದ ರಾಷ್ಟ್ರೀಯ ಬ್ಯಾಂಕಿನ ಗವರ್ನರರಾದವರು ಮುಗುರ್ ಇಸರೆಸ್ಕು. ಸ್ವಾರಸ್ಯವೇನೆಂದರೆ ಕನ್ನಡದಲ್ಲಿಯೂ ಮೊಗ್ಗಿಗೆ ಮುಗುಳು ಎನ್ನುತ್ತೇವೆ! ಡಾನ್ಯೂಬ್ ತೀರದ ಮೊಗ್ಗಿಗೂ ಕಪಿಲೆಯ ತೀರದ ಮುಗುಳಿಗೂ ರಕ್ತಸಂಬಂಧ ಕಟ್ಟಲು ಹೊರಟರೆ ಕಟ್ಟಬಹುದು. ಅಂಥ ಗ್ರಂಥಗಳು ನಮ್ಮಲ್ಲಿ ಬಾರದೆ ಹೋಗಿಲ್ಲ. ಆದರೆ ಮೂಗೂರಿನ ಬಂಡಿ ಅಲ್ಲಿಯವರೆಗೆ ಹೋಗಿಲ್ಲ.

ಪದದ ವಿಚಾರ ಇಷ್ಟು ಸಾಕು. ಹೆಸರನ್ನು ಹೊತ್ತವರ ವಿಚಾರಕ್ಕೆ ಬರೋಣ. ನನ್ನ ಮಟ್ಟಿಗೆ ಅದೇ ಹೆಚ್ಚಿನದು.

ಮೈಸೂರು ಶೈಲಿಯ ಭರತನಾಟ್ಯದ ಚರಿತ್ರೆಯನ್ನು ಹೇಳುವವರು ಅರಮನೆಯಿಂದ ಮೊದಲು ಮಾಡುತ್ತಾರೆ. ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ—ಇವರು ಎಲ್ಲರಿಗೂ ತಿಳಿದವರು. ಆದರೆ ಅರಮನೆಯ ಜೊತೆಗೆ ಮೂಗೂರಿನ ಸಂಪ್ರದಾಯವನ್ನೂ ಹೇಳದೆ ಆ ಚರಿತ್ರೆ ಪೂರ್ತಿಯಾಗುವುದಿಲ್ಲ. ನಟ್ಟುವರಾದ ಮೂಗೂರು ಅಮೃತಪ್ಪ, ನೃತ್ಯಗಾರ್ತಿ ಮೂಗೂರು ಜೇಜಮ್ಮ ಇವರ ಹೆಸರುಗಳೊಂದಿಗೆ ಒಂದು ಹಳ್ಳಿ ನಾಟ್ಯಶಾಸ್ತ್ರದ ಮಾತಿನಲ್ಲಿ ಒಂದು ಪರಂಪರೆಯ ಹೆಸರಾಯಿತು. ವಾದ್ಯಗಾರರಿಗೆ ವಾದ್ಯವೇ ಮನೆತನದ ಹೆಸರಾದದ್ದನ್ನು ನಾವು ವೀಣೆ ಶೇಷಣ್ಣನವರಲ್ಲಿ ಕಂಡಿದ್ದೇವೆ; ಜಟ್ಟಿ ತಾಯಮ್ಮನವರ ಹೆಸರಿನಲ್ಲಿರುವುದು ಜಟ್ಟಿಯಾಗಿದ್ದ ತಂದೆಯ ಗರಡಿ. ಮೂಗೂರಿನವರ ಹೆಸರಿನಲ್ಲಿರುವುದು ಊರು.

ಈ ವ್ಯತ್ಯಾಸ ಆಕಸ್ಮಿಕವಲ್ಲ. ದೇವಾಲಯದ ಸೇವೆಗೆ ಸೇರಿದ ಕುಲಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ತಂದೆಯ ಹೆಸರನ್ನು ತಮ್ಮ ಹೆಸರಿನ ನಡುವೆ ಇಟ್ಟುಕೊಳ್ಳುವ ಅವಕಾಶ ಸಾಮಾನ್ಯವಾಗಿ ಇರಲಿಲ್ಲ. ಊರು, ತಂದೆ, ತಾನು ಎಂಬ ಮೂರರಲ್ಲಿ ನಡುವಿನದು ಖಾಲಿ. ಆ ಖಾಲಿಯನ್ನು ಕೆಲವರು ತಾಯಿಯಿಂದ ತುಂಬಿದರು. ಎಂ.ಎಸ್. ಸುಬ್ಬುಲಕ್ಷ್ಮಿಯವರ 'ಎಂ' ಮಧುರೆ. 'ಎಸ್' ಅವರ ತಾಯಿ, ವೀಣೆಯ ಷಣ್ಮುಖವಡಿವು. ಉಳಿದವರಿಗೆ ಊರೇ ಊರೂ ಆಯಿತು, ತಂದೆಯೂ ಆಯಿತು. ನಂಜನಗೂಡಿನಲ್ಲಿ 1878ರಲ್ಲಿ ಪುಟ್ಟಲಕ್ಷ್ಮಿಯ ಮಗಳಾಗಿ ಹುಟ್ಟಿದ ನಾಗರತ್ನಮ್ಮ ಲೋಕಕ್ಕೆ ಬೆಂಗಳೂರು ನಾಗರತ್ನಮ್ಮ. ಹುಟ್ಟಿದ ಊರು ಬಿಟ್ಟುಹೋಯಿತು, ಹೆಸರು ಮಾಡಿದ ಊರು ಉಳಿಯಿತು. ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯವನ್ನು 1910ರಲ್ಲಿ ಪರಿಷ್ಕರಿಸಿ ಅಚ್ಚು ಹಾಕಿಸಿ, ಮರುವರ್ಷವೇ ಅದು ಮುಟ್ಟುಗೋಲಾದದ್ದನ್ನು ಕಂಡು, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯಿಂದ ಗುಡಿ ಕಟ್ಟಿಸಿದವರು ಇವರೇ. ತಂದೆಯ ಹೆಸರು ಹೇಳದ ಒಬ್ಬ ಹೆಂಗಸಿನ ಹೆಸರಿನಲ್ಲಿ ಬೆಂಗಳೂರು ತಮಿಳುನಾಡಿನ ಕಾವೇರಿಯವರೆಗೆ ಹೋಯಿತು.

ಇದರ ಪಕ್ಕದಲ್ಲಿ ಇನ್ನೊಂದು ಹೆಸರನ್ನಿಟ್ಟು ನೋಡಬೇಕು: ನಂಜನಗೂಡು ತಿರುಮಲಾಂಬ. 1887ರಲ್ಲಿ ಹುಟ್ಟಿದವರು, ಬಾಲವಿಧವೆ. 'ಸತಿಹಿತೈಷಿಣಿ' ಗ್ರಂಥಮಾಲೆಯನ್ನು ಮೊದಲುಮಾಡಿ, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿ, ಕಾದಂಬರಿಗಳನ್ನು ಬರೆದು 1982ರವರೆಗೆ ಬಾಳಿದವರು. ಅವರದು ಸದಾಚಾರದ ಮನೆತನ; ನಾಗರತ್ನಮ್ಮನವರದು ಆ ಮನೆತನಗಳು ಹೊಸಿಲಾಚೆ ನಿಲ್ಲಿಸುತ್ತಿದ್ದ ಕುಲ. ಅವರ ಬರಹಕ್ಕೂ ಇವರ ಹಾಡಿಗೂ ಕೇಳುವ ಸಭೆಗಳು ಬೇರೆ. ಆದರೆ ಹೆಸರಿನ ಕಟ್ಟಡ ನೋಡಿದರೆ ಒಂದೇ: ಊರು, ಆಮೇಲೆ ತಾನು. ಒಬ್ಬರಿಗೆ ಗಂಡನ ಮನೆ ಇಲ್ಲವಾಯಿತು, ಇನ್ನೊಬ್ಬರಿಗೆ ತಂದೆಯ ಮನೆ ಇಲ್ಲವಾಯಿತು; ಇಬ್ಬರಿಗೂ ಊರು ಇಲ್ಲವೆನ್ನಲಿಲ್ಲ. ಊರುಗಳು ಔದಾರ್ಯದಿಂದ ಹೀಗೆ ಮಾಡಿದುವೆಂದು ನಾನು ಹೇಳುವುದಿಲ್ಲ. ಹೆಸರಿಗೆ ಬೇಲಿ ಹಾಕಲು ಊರಿಗೆ ತೋಚಲಿಲ್ಲ, ಅಷ್ಟೆ.

1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಸೇವೆಯಲ್ಲಿದ್ದ ಹೆಂಗಸರು ಸರ್ಕಾರಕ್ಕೆ ಅರ್ಜಿ ಬರೆದುಕೊಂಡರು, ಆಜ್ಞೆ ಬದಲಾಗಲಿಲ್ಲ. ಆ ಪದ್ಧತಿಯಲ್ಲಿದ್ದ ಅನ್ಯಾಯವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮುಂದೆ 1982ರಲ್ಲಿ ಕರ್ನಾಟಕದ ಶಾಸನಸಭೆ ದೇವದಾಸಿ ಸಮರ್ಪಣೆಯನ್ನೇ ನಿಷೇಧಿಸುವ ಕಾನೂನು ಮಾಡಬೇಕಾಯಿತು. ಆದರೂ ಒಂದು ಮಾತು. ಸೇವೆಯ ಜೊತೆಗೆ ಸಂಬಳ ಹೋಯಿತು, ರಂಗ ಹೋಯಿತು, ಕಲಿಸಬೇಕಾದ ಮುಂದಿನ ತಲೆಮಾರು ಚದುರಿತು. ಕಲೆ ಮುಂದೆ ನಗರದ ಸಭಾಂಗಣಗಳಿಗೆ ಬಂದಾಗ ಅದನ್ನು ಹೊತ್ತು ತಂದವರ ಕುಲದ ವಿಚಾರವಾಗಿ ಎಲ್ಲರೂ ಮೆಲ್ಲನೆ ಮಾತಾಡಿದರು. ಮುಚ್ಚಿಡಲಾಗದೆ ಉಳಿದದ್ದು ಹೆಸರಿನ ಮೊದಲ ಮಾತು. 'ಮೂಗೂರು' ಎಂದು ಒಬ್ಬ ಗುರುವಿನ ಹೆಸರಿನ ಮುಂದೆ ಹೇಳಿದಾಗ ಆ ಮಾತಿನಲ್ಲಿ ಗೌರವವೂ ಇತ್ತು, ಹಿಂದಿನದೊಂದು ಮೌನವೂ ಇತ್ತು.

ಆಮೇಲೆ ಅದೇ ಹೆಸರು ಬೇರೊಂದು ದಾರಿ ಹಿಡಿದು ಮದರಾಸಿಗೆ ಹೋಯಿತು. ಚಲನಚಿತ್ರಗಳ ನೃತ್ಯನಿರ್ದೇಶಕರಾದ ಮೂಗೂರು ಸುಂದರ್ ಕನ್ನಡ, ತಮಿಳು, ತೆಲುಗು ಚಿತ್ರಗಳಲ್ಲಿ ದುಡಿದು, ತಮಿಳರ ಬಾಯಲ್ಲಿ ಸುಂದರಂ ಮಾಸ್ಟರ್ ಆದರು. ಇವರನ್ನು ಅಮೃತಪ್ಪ, ಜೇಜಮ್ಮನವರ ಪರಂಪರೆಯ ಕೊಂಡಿಯೆಂದು ಕಟ್ಟಿಹಾಕುವುದು ನನ್ನ ಉದ್ದೇಶವಲ್ಲ. ಕುಣಿತಕ್ಕೆ ಹೆಸರಾದ ಊರೊಂದರ ಹೆಸರನ್ನು ಕುಣಿತದ ವೃತ್ತಿಗೇ ಹೊತ್ತುಕೊಂಡು ಹೋದರೆಂಬಷ್ಟು ಸಾಕು. ಅವರ ಮಕ್ಕಳು ಮೂವರು: ರಾಜು ಸುಂದರಂ, ಪ್ರಭುದೇವ, ನಾಗೇಂದ್ರ ಪ್ರಸಾದ್. ಮೂವರೂ ನೃತ್ಯಕ್ಕೇ ಬಂದರು. 'ಮಿನ್ಸಾರ ಕನವು' ಮತ್ತು ಹಿಂದಿಯ 'ಲಕ್ಷ್ಯ' ಚಿತ್ರಗಳ ನೃತ್ಯನಿರ್ದೇಶನಕ್ಕೆ ಪ್ರಭುದೇವರಿಗೆ ರಾಷ್ಟ್ರಪ್ರಶಸ್ತಿಗಳು ಸಂದುವು. ಹೆಸರುಗಳನ್ನು ಮಾತ್ರ ನೋಡಿ. ಹಿರಿಯ ಮಗನ ಹೆಸರಿನಲ್ಲಿ ತಂದೆಯ ಹೆಸರೇ, ತಮಿಳಿನ ರೂಪದಲ್ಲಿ, ಹಿಂದೆ ಬಂದು ನಿಂತಿದೆ, ಊರು ಇಲ್ಲ. ಉಳಿದಿಬ್ಬರ ಹೆಸರಿನಲ್ಲಿ ಊರೂ ಇಲ್ಲ, ತಂದೆಯೂ ಇಲ್ಲ. ಹಾಡು ಹಾಡಾಗಿ ನಾಡೆಲ್ಲ ಕಂಡ ಆ ಕಾಲುಗಳಿಗೂ ತಿಬ್ಬಾದೇವಿಯ ಬೀದಿಗೂ ಇರುವ ನಂಟನ್ನು ಹೆಸರು ಹೇಳುವುದಿಲ್ಲ. ಯಾರಾದರೂ ಬೇರೆಯಾಗಿ ಹೇಳಬೇಕು.

ಒಂದು ತಲೆಮಾರಿನಲ್ಲಿ ಊರು ಹೀಗೆ ಹೆಸರಿನಿಂದ ಜಾರಿಹೋಗುವುದನ್ನು ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿಯೇ ಕಾಣಬಹುದು. ಅಜ್ಜನ ಹೆಸರಿನ ಮುಂದೆ ಎರಡು ಅಕ್ಷರ, ಅಪ್ಪನ ಹೆಸರಿನ ಮುಂದೆ ಎರಡು ಅಕ್ಷರ, ಮಗಳ ಹೆಸರಿನ ಹಿಂದೆ ಒಂದೇ ಅಕ್ಷರ. ಬಿದ್ದುಹೋದದ್ದು ಯಾವಾಗಲೂ ಊರಿನ ಅಕ್ಷರ. ಶಾಲೆಗೆ ಸೇರಿಸುವ ದಿನ ಗುಮಾಸ್ತರು 'ಇನಿಷಿಯಲ್ ಏನು' ಎಂದು ಕೇಳುತ್ತಾರೆ. ಮನೆಯವರು ತಂದೆಯ ಹೆಸರಿನ ಮೊದಲಕ್ಷರ ಹೇಳಿ ಮುಗಿಸುತ್ತಾರೆ. ಪರದೇಶಕ್ಕೆ ಹೊರಟವರ ಕಥೆ ಇದಕ್ಕೆ ತದ್ವಿರುದ್ಧ. ರಹದಾರಿಯ ನಮೂನೆಯಲ್ಲಿ ಮನೆತನದ ಹೆಸರಿಗೆಂದು ಒಂದು ಮನೆ ಇರುತ್ತದೆ. ಅದನ್ನು ಖಾಲಿ ಬಿಟ್ಟರೆ ಮುಂದೆ ತೊಂದರೆ. ಆಗ ಎಷ್ಟೋ ಮಂದಿ ಮರೆತಿದ್ದ ಊರನ್ನು ಹುಡುಕಿ ತಂದು ಅಲ್ಲಿ ಬರೆಯುತ್ತಾರೆ. ಮುಂದಿದ್ದ ಊರು ಹಿಂದಕ್ಕೆ ಹೋಗುತ್ತದೆ. ಅಜ್ಜನಿಗೆ ಎಂಥವನು ಎಂಬುದಕ್ಕಿಂತ ಮೊದಲು ಎಲ್ಲಿಯವನು ಎಂದು ಹೇಳುತ್ತಿದ್ದ ಮಾತು ಮೊಮ್ಮಗನಿಗೆ ಅಧ್ಯಾಪಕರು ಕೊನೆಯಲ್ಲಿ ಕೂಗುವ ಹೆಸರಾಗುತ್ತದೆ.

ಮೂಗೂರಿನವರೂ ಇದಕ್ಕೆ ಹೊರತಾಗಲಾರರು. ದೂರದ ಊರುಗಳಲ್ಲಿ ಈ ಹೆಸರನ್ನು ಹಿಂದೆ ಇಟ್ಟುಕೊಂಡವರನ್ನು ಇಂಥ ಪದಕ್ಕೆ ಅರ್ಥವೇನೆಂದು ಯಾರಾದರೂ ಕೇಳುವುದು ಖಂಡಿತ. ರುಮೇನಿಯದವರು ಮೊಗ್ಗೇ ಎಂದು ಕೇಳಿಯಾರು, ಬಂಗಾಳಿಯವರು ಗದೆಯೇ ಎಂದು ಕೇಳಿಯಾರು. ಮೂಗಿನ ಊರು ಎಂದು ಹೇಳಿದರೆ ನಗಬಹುದೆಂಬ ಸಂಕೋಚ ಬೇಡ. ಮೂರು ಪುರದ ದೇವಿಯ ಊರು ಎಂದರೂ ಸುಳ್ಳಾಗುವುದಿಲ್ಲ. ಜೇಜಮ್ಮನ ಊರು ಎಂದರೆ ಇನ್ನೂ ಒಳ್ಳೆಯದು. ಕನ್ನಡದಲ್ಲಿ ಬರೆಯುವಾಗಲಾದರೂ ಬರೀ 'ಎಂ' ಎಂದು ಚುಕ್ಕಿ ಇಡದೆ, ಎರಡು ದೀರ್ಘಗಳನ್ನೂ ಇಟ್ಟು, ಮೂಗೂರು ಎಂದು ಪೂರ್ತಿಯಾಗಿ ಬರೆಯಲಿ.